ಅಕ್ಷರ ಸೊಟ್ಟಗಿರಲಿ, ಮಗು ನೋಡದೆ ಬರೆಯಲಿ

ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಾಗಲಿ, ನೋಯ್ಡಾ ಅಥವಾ ಗುರುಗ್ರಾಮದ ಫ್ಲ್ಯಾಟಿನಲ್ಲಿ ಅಮ್ಮನ ಮುಂದೆ ಕೂತು ಕಾಗುಣಿತ ಬರೆಯುವ ಮಗುವಾಗಲಿ, ಏಳೆಂಟು ವರ್ಷ ತುಂಬುವುದರೊಳಗೆ ಮೂರು ಲಿಪಿಗಳಿಗೆ ಕೈ ಹಾಕಿರುತ್ತದೆ. ಇಂಗ್ಲಿಷಿನ 26 ಅಕ್ಷರಗಳಿಗೆ ದೊಡ್ಡದು, ಚಿಕ್ಕದು ಎಂದು 52 ಆಕಾರ. ರಾಷ್ಟ್ರ ರಾಜಧಾನಿ ವಲಯದ (ಎನ್‌ಸಿಆರ್) ಅನೇಕ ಖಾಸಗಿ ಶಾಲೆಗಳು ಒಂದನೇ ತರಗತಿಗೇ, ಕೆಲವು ಯುಕೆಜಿಗೇ ಅಕ್ಷರ ಕೂಡಿಸಿ ಬರೆಯುವ ಕರ್ಸಿವ್ ಶುರು ಮಾಡುವುದರಿಂದ ಅದರ ಮೇಲೆ ಇನ್ನೂ 52. ಹಿಂದಿಯ ದೇವನಾಗರಿ, ಅದರ ಮಾತ್ರೆಗಳು, ಅರ್ಧಾಕ್ಷರಗಳು ಬೇರೆ. ಕನ್ನಡಕ್ಕೆ ಬಂದರೆ 34 ವ್ಯಂಜನಗಳಿಗೆ 13 ಸ್ವರ ಸೇರಿಸಿದ ಕಾಗುಣಿತವೇ 442. ಒತ್ತಕ್ಷರಗಳು ಈ ಲೆಕ್ಕದಲ್ಲಿಲ್ಲ. ಇಷ್ಟನ್ನೂ ಆ ಪುಟ್ಟ ಕೈಗೆ ಕೂರಿಸಲು ನಾವು ನೆಚ್ಚಿಕೊಂಡಿರುವ ಉಪಾಯ ಒಂದೇ, ಕಾಪಿ ಬರೆಸುವುದು. ಮೇಲಿನ ಸಾಲು ನೋಡು, ಕೆಳಗೆ ಹತ್ತು ಸಲ ಹಾಗೇ ಬರೆ, ಗೆರೆಯಿಂದ ಆಚೆ ಹೋಗಬೇಡ. ಈ ಪದ್ಧತಿಯಲ್ಲಿ ಮಗುವಿನ ಶ್ರಮದ ಬಹುಪಾಲು ಅಕ್ಷರ ಚೆನ್ನಾಗಿ ಕಾಣಿಸುವುದಕ್ಕೇ ಖರ್ಚಾಗುತ್ತದೆ, ಓದಿಗೆ ದಕ್ಕುವುದು ಬಹಳ ಕಡಿಮೆ ಎಂಬುದು ನನ್ನ ವಾದ. ಕೈಬರಹ ಬೇಕೇ ಬೇಕು. ಯಾವ ಬಗೆಯ ಕೈಬರಹ ಎಂಬಲ್ಲಿ ನಾವು ಎಡವುತ್ತಿದ್ದೇವೆ.

ಓದಲೆಂದೇ ಹುಟ್ಟಿನಿಂದ ಬಂದ ಭಾಗ ಮಿದುಳಿನಲ್ಲಿ ಯಾವುದೂ ಇಲ್ಲ. ಮುಖ, ವಸ್ತುಗಳನ್ನು ಗುರುತಿಸುವ ನೋಟದ ಕೇಂದ್ರಗಳನ್ನೂ ಮಾತಿನ ಸದ್ದು ಹಿಡಿಯುವ ಕೇಂದ್ರಗಳನ್ನೂ ಬೆಸೆದು ಓದಿನ ಜಾಲವನ್ನು ಕಟ್ಟುವುದು ಕಲಿಕೆಯೇ. ಇದರಲ್ಲಿ ಕೈಯ ಪಾತ್ರವೇನು ಎಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಇನ್ನೂ ಓದಲು ಬಾರದ, ಐದು ವರ್ಷದ ಆಸುಪಾಸಿನ ಮಕ್ಕಳಿಂದ ಅಕ್ಷರಗಳನ್ನು ಮೂರು ರೀತಿ ಅಭ್ಯಾಸ ಮಾಡಿಸಿದರು: ಖಾಲಿ ಹಾಳೆಯ ಮೇಲೆ ತಾವೇ ಬರೆಯುವುದು, ಚುಕ್ಕಿಗಳ ಮೇಲೆ ತಿದ್ದುವುದು, ಕೀಲಿಮಣೆಯಲ್ಲಿ ಒತ್ತುವುದು. ಆಮೇಲೆ ಎಂಆರ್‌ಐ ಯಂತ್ರದಲ್ಲಿ ಅಕ್ಷರಗಳನ್ನು ತೋರಿಸಿದಾಗ, ದೊಡ್ಡವರು ಓದುವಾಗ ಚುರುಕಾಗುವ ಭಾಗಗಳು ಮಕ್ಕಳಲ್ಲಿ ಚುರುಕಾದದ್ದು ಮುಖ್ಯವಾಗಿ ತಾವೇ ಬರೆದು ಕಲಿತ ಅಕ್ಷರಗಳಿಗೆ. ತಿದ್ದಿದವುಗಳಿಗೂ ಒತ್ತಿದವುಗಳಿಗೂ ಆ ಮಟ್ಟದ ಸ್ಪಂದನ ಇರಲಿಲ್ಲ. ಗಮನಿಸಿ, ತಿದ್ದುವಾಗಲೂ ಕೈ ಆಡುತ್ತದೆ, ಪೆನ್ಸಿಲ್ ಅದೇ, ಅಕ್ಷರವೂ ಅದೇ. ಆದರೂ ಫಲ ಬೇರೆ.

ಇದಕ್ಕೆ ಜೇಮ್ಸ್ ಕೊಡುವ ವಿವರಣೆ ನಮ್ಮ ಶಾಲೆಗಳು ಕಿವಿಗೊಟ್ಟು ಕೇಳಬೇಕಾದದ್ದು. ಮಗು ತಾನೇ ಬರೆದ ಅಕ್ಷರ ಒಂದು ಸಲ ವಾಲುತ್ತದೆ, ಇನ್ನೊಂದು ಸಲ ಊದಿಕೊಳ್ಳುತ್ತದೆ, ಮತ್ತೊಂದು ಸಲ ಬಾಲ ಉದ್ದವಾಗುತ್ತದೆ. ಇಷ್ಟೆಲ್ಲ ಸೊಟ್ಟ ರೂಪಗಳಿಗೂ ಹೆಸರು ಒಂದೇ. ಆಗ ಮಿದುಳು ಅಕ್ಷರದಲ್ಲಿ ಬದಲಾದರೂ ಪರವಾಗಿಲ್ಲದ್ದು ಯಾವುದು, ಬದಲಾಗಲೇಬಾರದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳುತ್ತದೆ. ಜೂಲಿಯಾ ಲೀ ಜೊತೆ 2016ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಐದು ವರ್ಷದ ಮಕ್ಕಳಿಗೆ ಗ್ರೀಕ್ ಅಕ್ಷರಗಳನ್ನು ಕಲಿಸಿದರು. ಒಂದೇ ಅಚ್ಚಿನ ರೂಪವನ್ನು ನೋಡಿದವರಿಗಿಂತ ಬಗೆಬಗೆಯ ರೂಪ ನೋಡಿದವರು ಅಕ್ಷರವನ್ನು ಚೆನ್ನಾಗಿ ಗುರುತಿಸಿದರು. ಆ ವೈವಿಧ್ಯ ಸ್ವಂತ ಬರಹದಿಂದ ಬಂದಿರಲಿ, ಬೇರೆ ಬೇರೆ ಅಚ್ಚುಗಳಿಂದ ಬಂದಿರಲಿ. ಹಾಗಾದರೆ ಮೇಷ್ಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಆ ವಕ್ರ ‘ಮ’, ಆ ಕಾಲುಮುರಿದ ‘ಝ’ ಕಲಿಕೆಯ ಸಾಮಗ್ರಿಯೇ. ಅದನ್ನು ಮೊದಲ ದಿನದಿಂದಲೇ ಅಳಿಸಿ ಅಚ್ಚಿನಂತೆ ಬರೆಸುವ ಹಟದಲ್ಲಿ ಮಗುವಿಗೆ ಬೇಕಾದದ್ದನ್ನೇ ಕಿತ್ತುಕೊಳ್ಳುತ್ತೇವೆ.

ನೋಡಿ ಬರೆಯುವುದಕ್ಕಿಂತ ನೋಡದೆ ಬರೆಯುವುದು ಮೇಲು ಎಂಬುದಕ್ಕೆ ಪುರಾವೆ ಇನ್ನೂ ಹಳೆಯದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ವರ್ಜೀನಿಯಾ ಬರ್ನಿಂಗರ್ ಮತ್ತು ಸಂಗಡಿಗರು 1997ರಲ್ಲಿ, ಬರೆಯುವುದರಲ್ಲಿ ಹಿಂದುಳಿಯುವ ಸೂಚನೆಯಿದ್ದ ಒಂದನೇ ತರಗತಿಯ 144 ಮಕ್ಕಳಿಗೆ ಬೇರೆ ಬೇರೆ ವಿಧಾನಗಳಿಂದ ಅಭ್ಯಾಸ ಕೊಟ್ಟರು. ಕೆಲವರು ಬರೀ ನೋಡಿ ಬರೆದರು. ಎಲ್ಲರಿಗಿಂತ ಮುಂದೆ ಹೋದವರು, ಗೆರೆ ಎಲ್ಲಿಂದ ಶುರುವಾಗಿ ಎತ್ತ ಹೋಗುತ್ತದೆ ಎಂದು ಸಂಖ್ಯೆ ಹಾಕಿದ ಬಾಣಗಳನ್ನು ನೋಡಿ, ಬಳಿಕ ಮಾದರಿಯನ್ನು ಮುಚ್ಚಿ ನೆನಪಿನಿಂದ ಬರೆದವರು. ಅವರ ಅಕ್ಷರವಷ್ಟೇ ಅಲ್ಲ, ಸ್ವಂತ ವಾಕ್ಯ ಬರೆಯುವ ಸರಾಗವೂ ಹೆಚ್ಚಿತು. ನೆನಪಿನಿಂದ ತೆಗೆದು ಬರೆದ ಪ್ರತಿ ಸಲವೂ ಆ ನೆನಪಿನ ದಾರಿ ಸವೆದು ಸಲೀಸಾಗುತ್ತದೆ. ಹತ್ತು ಸಲ ನೋಡಿ ಬರೆಯುವ ಮಗು ಎರಡನೇ ಸಲದಿಂದಾಚೆ ಯೋಚಿಸುವುದನ್ನೇ ನಿಲ್ಲಿಸಿರಬಹುದು. ಸಾಲಿನ ಕೊನೆಯ ಅಕ್ಷರ ಮೊದಲನೆಯದಕ್ಕಿಂತ ಕೆಟ್ಟದಾಗಿರುವ ಕಾಪಿ ಪುಸ್ತಕಗಳನ್ನು ಯಾವ ಮನೆಯಲ್ಲಾದರೂ ನೋಡಬಹುದು.

ಕನ್ನಡಕ್ಕೂ ಹಿಂದಿಗೂ ಈ ಮಾತು ಇಂಗ್ಲಿಷಿಗಿಂತ ಹೆಚ್ಚು ಅನ್ವಯಿಸುತ್ತದೆ. ಬೆಂಗಳೂರಿನ ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ತೋರಿಸಿದಂತೆ, ನಮ್ಮ ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ. ಇಲ್ಲಿ ಕಷ್ಟ ಆಕಾರದ್ದಷ್ಟೇ ಅಲ್ಲ, ಸದ್ದಿಗೂ ಗುರುತಿಗೂ ಇರುವ ಜೋಡಣೆಯದು. ‘ಸೂರ್ಯ’ ಪದವನ್ನು ತೆಗೆದುಕೊಳ್ಳಿ. ಬಾಯಿ ಮೊದಲು ‘ರ್’ ಎನ್ನುತ್ತದೆ, ಆಮೇಲೆ ‘ಯ’. ಕೈ ಮೊದಲು ‘ಯ’ ಬರೆದು ಬಳಿಕ ಅರ್ಕಾವೊತ್ತು ಹಾಕುತ್ತದೆ. ಹಿಂದಿಯಲ್ಲೂ ಅದೇ ಪದ, ಅದೇ ತಿರುವುಮುರುವು. ಗುರುತು ಮಾತ್ರ ‘ಯ’ದ ನೆತ್ತಿಯ ಮೇಲೆ ಕೂರುತ್ತದೆ. ಹಿಂದಿಯ ಹ್ರಸ್ವ ಇಕಾರದ ಮಾತ್ರೆಯಂತೂ ವ್ಯಂಜನದ ಎಡಕ್ಕೆ ನಿಂತರೂ ಅದರ ನಂತರ ಉಚ್ಚಾರವಾಗುತ್ತದೆ. ಹೀಗೆ ಸ್ಥಾನ ತಪ್ಪಿದ ಮಾತ್ರೆಯಿರುವ ಪದಗಳನ್ನು ಓದಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ಜ್ಯೋತ್ಸ್ನಾ ವೈದ್ ಮತ್ತು ದೆಹಲಿ ವಿಶ್ವವಿದ್ಯಾಲಯದ ಆಶುಂ ಗುಪ್ತಾ 2002ರಲ್ಲಿ ಕಂಡುಕೊಂಡರು. ಇನ್ನು ಹಿಂದಿಯಲ್ಲಿ ಎಕಾರ, ಒಕಾರಗಳ ಹ್ರಸ್ವ ದೀರ್ಘ ಭೇದವಿಲ್ಲ. ದೆಹಲಿಯ ಕನ್ನಡ ಮಗು ‘ಕೊಡು’ ಎನ್ನುವಲ್ಲಿ ‘ಕೋಡು’ ಬರೆಯುವುದು ಇದರಿಂದಲೇ. ನೋಡಿ ಬರೆಯುವಾಗ ಈ ಯಾವ ತೊಡಕೂ ಎದುರಾಗುವುದಿಲ್ಲ, ಏಕೆಂದರೆ ಮಾದರಿ ಕಣ್ಣೆದುರಿಗೇ ಇದೆ. ಪದವನ್ನು ಬಾಯಲ್ಲಿ ಹೇಳಿಕೊಂಡು, ಸದ್ದು ಬಿಡಿಸಿ, ನೋಡದೆ ಬರೆದಾಗ ಮಾತ್ರ ಮಗು ಆ ತೊಡಕನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಹಳೆಯ ಮೇಷ್ಟರು ದಿನವೂ ಹಾಕುತ್ತಿದ್ದ ಉಕ್ತಲೇಖನದ ಬೆಲೆ ಇರುವುದು ಇಲ್ಲಿ.

ಈಗ ಕರ್ಸಿವ್ ವಿಚಾರ. ಅದರ ಪರವಾಗಿ ಹೇಳಬಹುದಾದದ್ದು ಇದೆ, ನ್ಯಾಯವಾಗಿ ಹೇಳಬೇಕು. ಬಿಡಿ ಬರಹದಲ್ಲಿ ಕನ್ನಡಿಯ ಬಿಂಬದಂತಿರುವ ಚಿಕ್ಕ ‘ಬಿ’ ಮತ್ತು ‘ಡಿ’ ಕರ್ಸಿವ್‌ನಲ್ಲಿ ಬೇರೆ ಬೇರೆ ಎಳೆಯಿಂದ ಶುರುವಾಗುವುದರಿಂದ ಗೊಂದಲ ಕಡಿಮೆ. ಕೆನಡಾದ ಕ್ವಿಬೆಕ್‌ನಲ್ಲಿ ಎರಡನೇ ತರಗತಿಯ 718 ಮಕ್ಕಳನ್ನು ವರ್ಷವಿಡೀ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರ್ಸಿವ್ ಮಾತ್ರ ಕಲಿತವರು ಪದದ ಸ್ಪೆಲಿಂಗ್ ಮತ್ತು ವಾಕ್ಯರಚನೆಯಲ್ಲಿ ಮುಂದಿದ್ದರು. ಕರ್ಸಿವ್ ಪರ ವಾದಿಸುವವರು ಇದನ್ನು ಎತ್ತಿ ಹೇಳುತ್ತಾರೆ. ಆದರೆ ಅದೇ ಅಧ್ಯಯನದಲ್ಲಿ ಒಂದು ಶೈಲಿ ಕಲಿತು ಮತ್ತೊಂದಕ್ಕೆ ಬದಲಾಯಿಸಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ನಮ್ಮ ಮಕ್ಕಳ ಸ್ಥಿತಿ ಈ ಕೊನೆಯ ಗುಂಪಿನದು. ಎಲ್‌ಕೆಜಿಯಲ್ಲಿ ಬಿಡಿ ಅಕ್ಷರ ಕಲಿಸಿ, ಅದು ಕೈಗೆ ಹತ್ತುವ ಹೊತ್ತಿಗೆ ಕರ್ಸಿವ್ ಎನ್ನುತ್ತೇವೆ. ಎನ್‌ಸಿಇಆರ್‌ಟಿಯ ಪಠ್ಯದಿಂದ ಹಿಡಿದು ಲೈಬ್ರರಿಯ ಕಥೆಪುಸ್ತಕದವರೆಗೆ ಕಣ್ಣು ಓದುವುದು ಬಿಡಿ ಅಕ್ಷರ, ಕೈ ಬರೆಯುವುದು ಮಾತ್ರ ಬೇರೆ. ಕರ್ಸಿವ್‌ನ ದೊಡ್ಡ ‘ಕ್ಯೂ’ ಅಂಕಿ ಎರಡರಂತೆ ಕಾಣುತ್ತದೆ. ಅದನ್ನು ಮಗು ಯಾವ ಪುಸ್ತಕದಲ್ಲೂ, ಯಾವ ಬೋರ್ಡಿನಲ್ಲೂ ಓದುವುದಿಲ್ಲ. ಓದು ಬಲಿಯುವ ಮುನ್ನವೇ ಕಣ್ಣನ್ನೂ ಕೈಯನ್ನೂ ಹೀಗೆ ಬೇರ್ಪಡಿಸಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.

ವೇಗಕ್ಕೆ ಕರ್ಸಿವ್ ಬೇಡವೇ ಎಂದು ಕೇಳುವವರಿದ್ದಾರೆ. ಕನ್ನಡಕ್ಕೂ ಕೂಡಿಸಿ ಬರೆಯುವ ಮೋಡಿ ಇತ್ತು, ಶೃಂಗೇರಿ ಮಠದ ಕಡತಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಅದು ಬರೆದು ಬರೆದು ಪಳಗಿದವರ ಕೈಯ ಬರಹ. ವೇಗ ಬೇಕಾದಾಗ, ಬೇಕಾದವರಿಗೆ ಬರಲಿ. ಅಂದವಾದ ಬರಹಕ್ಕೆ ಅಂಕ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಪರೀಕ್ಷಕರಿಗೆ ಬೇಕಾಗಿರುವುದು ಓದಲು ತಡವರಿಸದ ಬರಹ, ಸುರುಳಿಗಳಲ್ಲ. ಅಕ್ಷರ ತನ್ನಷ್ಟಕ್ಕೆ ಬರುವಂತಾದರೆ ಮಗುವಿನ ಗಮನ ಬಿಡುವಾಗಿ ವಿಷಯದತ್ತ ಹೋಗುತ್ತದೆ. ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳ ಮಿತಿ ಆ ವಯಸ್ಸಿನಲ್ಲಿ ಬಹಳ ಚಿಕ್ಕದು. ‘ಎಫ್’ನ ಕೊಂಡಿ ಗೆರೆಗೆ ತಾಗಿತೇ ಎಂದು ನೋಡುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಮರೆತುಹೋಗುತ್ತದೆ. ಟಾನ್ಯಾ ಸಾಂಟಾಂಜೆಲೊ ಮತ್ತು ಸ್ಟೀವ್ ಗ್ರಹಾಂ ಹಲವಾರು ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಕೊಟ್ಟ ತೀರ್ಮಾನವೂ ಇದನ್ನೇ ಹೇಳುತ್ತದೆ: ಕೈಬರಹವನ್ನು ಕ್ರಮವಾಗಿ ಕಲಿಸಿದರೆ ಮಕ್ಕಳು ಹೆಚ್ಚು ಬರೆಯುತ್ತಾರೆ, ಬರೆದದ್ದರ ಗುಣವೂ ಸುಧಾರಿಸುತ್ತದೆ.

ಹಾಗಿದ್ದರೆ ಮೂರನೇ ಲಿಪಿಯನ್ನೇ ಬಿಟ್ಟರಾಯಿತಲ್ಲ, ದೆಹಲಿಯಲ್ಲಿ ಕನ್ನಡ ಬರೆದು ಏನಾಗಬೇಕು ಎಂಬ ಪ್ರಶ್ನೆ ನಮ್ಮವರ ಮನೆಗಳಲ್ಲೇ ಏಳುತ್ತದೆ. ಇದಕ್ಕೆ ಉತ್ತರದ ಒಂದು ಭಾಗ ಎನ್‌ಸಿಆರ್‌ನಲ್ಲೇ ಇದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ನಂದಿನಿ ಚಟರ್ಜಿ ಸಿಂಗ್ ಅವರ ತಂಡ, ಮೈಸೂರು ವಿಶ್ವವಿದ್ಯಾಲಯದ ಪ್ರಕಾಶ್ ಪಡಕಣ್ಣಾಯ ಮತ್ತಿತರರ ಜೊತೆ ಹಿಂದಿ ಮತ್ತು ಇಂಗ್ಲಿಷ್ ಎರಡನ್ನೂ ಓದಬಲ್ಲ ವಯಸ್ಕರನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಐದನೇ ವಯಸ್ಸಿನಲ್ಲೇ ಎರಡನ್ನೂ ಕಲಿತ 14 ಮಂದಿಯ ಮಿದುಳು ಸದ್ದಿಗೆ ನಿಷ್ಠವಾದ ಹಿಂದಿಗೆ ಒಂದು ದಾರಿಯನ್ನೂ ಸ್ಪೆಲಿಂಗಿನ ಇಂಗ್ಲಿಷಿಗೆ ಇನ್ನೊಂದು ದಾರಿಯನ್ನೂ ಹೆಚ್ಚಾಗಿ ಬಳಸುತ್ತಿತ್ತು, ಆಯಾ ಭಾಷೆಯನ್ನಷ್ಟೇ ಓದುವವರ ಹಾಗೆ. ಇಂಗ್ಲಿಷನ್ನು ಹತ್ತನೇ ವಯಸ್ಸಿನಲ್ಲಿ ಶುರು ಮಾಡಿದ 10 ಮಂದಿ ಎರಡಕ್ಕೂ ಹಿಂದಿಯ ದಾರಿಯನ್ನೇ ಹಿಡಿದಿದ್ದರು. ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ, ಮೂರು ಲಿಪಿಗಳ ಪ್ರಯೋಗವೂ ಇದಲ್ಲ. ಆದರೂ ಎಳೆಯ ಮಿದುಳು ಎರಡು ಲಿಪಿಗಳನ್ನು ಕಲಸುಮೇಲೋಗರ ಮಾಡಿಕೊಳ್ಳದೆ ಬೇರೆ ಬೇರೆಯಾಗಿ ಸಂಭಾಳಿಸಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಪುರಾವೆ. ಭಾರ ಇಳಿಸಲೇಬೇಕಾದರೆ ಮೊದಲು ಇಳಿಯಬೇಕಾದದ್ದು ಒಂದೇ ಭಾಷೆಗೆ ಎರಡು ಬರಹ ಕಲಿಸುವ ಹೊರೆ, ಅಜ್ಜಿಗೆ ಬರೆಯಬಹುದಾದ ಕನ್ನಡವಲ್ಲ.

ಫೋನು, ಟ್ಯಾಬ್ಲೆಟ್ ಇರುವಾಗ ಕೈಬರಹವೇ ಯಾಕೆ ಎಂಬವರಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವೈಲಿ ಮತ್ತು ಬ್ರೆಂಡಾ ರ‍್ಯಾಪ್ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕು. 42 ವಯಸ್ಕರಿಗೆ ಅರೇಬಿಕ್ ಅಕ್ಷರ ಕಲಿಸಿದಾಗ, ವಿಡಿಯೊ ನೋಡಿದವರಿಗಿಂತಲೂ ಟೈಪ್ ಮಾಡಿದವರಿಗಿಂತಲೂ ಕೈಯಲ್ಲಿ ಬರೆದವರು ಬೇಗ ಕಲಿತರು, ಹೊಸ ಪದಗಳನ್ನೂ ಚೆನ್ನಾಗಿ ಓದಿದರು.

ಅಭ್ಯಾಸ ಹೇಗಿರಬೇಕು ಎಂಬುದಕ್ಕೆ ದೆಹಲಿಯೇ ಸಾಮಗ್ರಿ ಒದಗಿಸುತ್ತದೆ. ಇಲ್ಲಿನ ರಸ್ತೆ ಫಲಕಗಳಲ್ಲಿ ಹಿಂದಿ, ಇಂಗ್ಲಿಷ್, ಪಂಜಾಬಿ, ಉರ್ದು ನಾಲ್ಕೂ ಇರುತ್ತವೆ. ಮೆಟ್ರೊದಲ್ಲಿ ಹೋಗುವಾಗ ನಿಲ್ದಾಣದ ಹೆಸರನ್ನು ಹಿಂದಿಯಲ್ಲಿ ಓದಿ, ಮನೆಗೆ ಬಂದು ಕನ್ನಡದಲ್ಲಿ ನೋಡದೆ ಬರೆಯಲಿ. ‘ಇಂದ್ರಪ್ರಸ್ಥ’ ಒಂದರಲ್ಲೇ ಸೊನ್ನೆ, ದ್ರ, ಪ್ರ, ಸ್ಥ ಇವೆ. ‘ಕಶ್ಮೀರೀ ಗೇಟ್’ನಲ್ಲಿ ಶ್ಮೀ, ‘ಅರ್ಜನಗಢ’ದಲ್ಲಿ ಅರ್ಕಾವೊತ್ತು. ಫಲಕದಲ್ಲಿ ಕನ್ನಡ ಇಲ್ಲದಿರುವುದೇ ಇಲ್ಲಿ ಅನುಕೂಲ, ನಕಲು ಮಾಡಲು ಮಾದರಿಯೇ ಇರುವುದಿಲ್ಲ. ಬರೆದಾದ ಮೇಲೆ ಮಗುವೇ ಜೋರಾಗಿ ಓದಿ ತಪ್ಪು ಹುಡುಕಲಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಒಂದು ದಿನ ಒಂದು ಲಿಪಿ. ತರಗತಿಯಲ್ಲಿ ನಲವತ್ತು ಮಕ್ಕಳಿರುವ ಶಿಕ್ಷಕಿಗೆ ಇದು ಹೆಚ್ಚಿನ ಕೆಲಸ ಎಂಬ ಆಕ್ಷೇಪ ನಿಜವಾದದ್ದು. ಕಾಪಿ ಪುಸ್ತಕಕ್ಕೆ ಟಿಕ್ ಹಾಕುವುದು ಸುಲಭ. ಐದು ಪದಗಳ ಉಕ್ತಲೇಖನ ಕೊಟ್ಟು ಪಕ್ಕದವರ ಪುಸ್ತಕವನ್ನು ಮಕ್ಕಳಿಂದಲೇ ತಿದ್ದಿಸಿದರೆ ಆ ಹೊರೆ ತಗ್ಗುತ್ತದೆ, ತಿದ್ದುವ ಮಗುವಿಗೆ ಓದೂ ಆಗುತ್ತದೆ. 2021ರ ಜುಲೈಯಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಮಾಡಿಕೊಂಡು ಓದಬೇಕು ಎಂದು ಗುರಿ ಇಟ್ಟಿದೆ. ಆ ಗುರಿಗೆ ಇಂಥ ಬರಹ ನೆರವಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ವರ್ಷವಾದರೂ ಅಕ್ಷರ ಕೂಡದೆ ಇದ್ದರೆ, ಓದೂ ಎಳೆಯುತ್ತಿದ್ದರೆ, ಅದನ್ನು ಸೋಮಾರಿತನ ಎನ್ನಬೇಡಿ. ಮಾನೇಸರದ ಅದೇ ಕೇಂದ್ರ ರೂಪಿಸಿದ ‘ದಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಧನ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ, ಒಂದರಿಂದ ಐದನೇ ತರಗತಿಯ ಮಕ್ಕಳಿಗಾಗಿ. ನಿರ್ದಿಷ್ಟ ಕಲಿಕಾ ತೊಂದರೆಗಳನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದೆ. ನೆರವು ಕೇಳುವುದು ಮಗುವಿನ ಹಕ್ಕು.

ಉಳಿದ ಮಕ್ಕಳ ವಿಷಯದಲ್ಲಿ ತಂದೆತಾಯಿಯರಲ್ಲಿ ಒಂದು ವಿನಂತಿ. ಮುಂದಿನ ಪೋಷಕರ ಸಭೆಯಲ್ಲಿ ಶಾಲೆಯವರು ಮುತ್ತು ಪೋಣಿಸಿದಂಥ ಕಾಪಿ ಪುಸ್ತಕ ತೋರಿಸಿದರೆ, ಮಗು ನೋಡದೆ ಬರೆದ ಪುಟವನ್ನೂ ತೋರಿಸಿ ಎಂದು ಕೇಳಿ. ಅಂಥ ಪುಟ ಇಲ್ಲದಿದ್ದರೆ ನಾಳೆಯಿಂದ ಬರೆಸಿ ಎಂದು ಒತ್ತಾಯಿಸಿ. ಕರ್ಸಿವ್ ಮೂರನೇ ತರಗತಿಯವರೆಗೆ ಕಾಯಲಿ, ಅದರಿಂದ ಯಾವ ಮಗುವಿಗೂ ನಷ್ಟವಿಲ್ಲ.