ದುಡಿಮೆಗೆ ತಕ್ಕ ಕೂಲಿ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ದುಡಿದವನಿಗೆ ಫಲ ದೊರೆಯುವುದೆಂಬುದು ಅದರ ಭಾವ. ಆದರೆ ಕೈ ಕೆಸರು ಮಾಡಿಕೊಂಡವನೊಬ್ಬ, ಮೊಸರು ಉಂಡವನು ಮತ್ತೊಬ್ಬ ಎಂಬ ಅನ್ಯಾಯವೂ ಲೋಕದಲ್ಲಿ ನಡೆದುಬಂದಿದೆ. ಈ ಅನ್ಯಾಯವನ್ನು ತಡೆಯಲೆಂದೇ ಕೂಲಿಗೂ ದುಡಿಮೆಯ ಅವಧಿಗೂ ಸಂಬಂಧಿಸಿದ ಕಾನೂನುಗಳು ಹುಟ್ಟಿದವು.

ಕಾರ್ಖಾನೆಗಳು ತಲೆಯೆತ್ತಿದ ಮೊದಲ ದಿನಗಳಲ್ಲಿ ಕೆಲಸಕ್ಕೆ ಕಾಲದ ಮಿತಿಯಿರಲಿಲ್ಲ. ಮುಂಬಯಿಯ ಹತ್ತಿ ಗಿರಣಿಗಳ ಕಾರ್ಮಿಕರಿಗೆ ವಾರದ ರಜೆಯೂ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಅವರನ್ನು ಸಂಘಟಿಸಿದರು. ಆ ಪ್ರಯತ್ನದ ಫಲವಾಗಿ 1890ರಲ್ಲಿ ಭಾನುವಾರದ ಬಿಡುವು ದೊರೆಯಿತು. 1911ರ ಕಾನೂನು ಬಟ್ಟೆ ಗಿರಣಿಗಳಲ್ಲಿ ವಯಸ್ಕ ಗಂಡಸರ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಗೊಳಿಸಿತು. ವಾರದ ಮಿತಿಯು 1922ರಲ್ಲಿ 60 ಗಂಟೆ. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ಅದು 1934ರಲ್ಲಿ 54ಕ್ಕೂ 1946ರಲ್ಲಿ 48ಕ್ಕೂ ಇಳಿಯಿತು. ಈ ಕೊನೆಯ ತಿದ್ದುಪಡಿಯ ಕಾಲದಲ್ಲಿ ವೈಸರಾಯರ ಮಂಡಳಿಯ ಕಾರ್ಮಿಕ ಖಾತೆಯು ಡಾ. ಬಿ. ಆರ್. ಅಂಬೇಡ್ಕರರ ಕೈಯಲ್ಲಿತ್ತು. ಕನಿಷ್ಠ ವೇತನದ ಮಸೂದೆಯನ್ನು ಅದೇ ವರ್ಷ ಮಂಡಿಸಿದವರೂ ಅವರೇ. ಅದು 1948ರಲ್ಲಿ ಕಾನೂನಾಯಿತು.

ಕೂಲಿಗೆ ಇಂತಿಷ್ಟಕ್ಕಿಂತ ಕಡಿಮೆಯಿರಬಾರದೆಂದು ಸರ್ಕಾರವೇ ಗೊತ್ತುಪಡಿಸುವ ಮೊತ್ತಕ್ಕೆ ಕನಿಷ್ಠ ವೇತನವೆಂದು ಹೆಸರು. ‘ಕೂಲಿಯವನೇ ಕಡಿಮೆ ಹಣಕ್ಕೆ ಒಪ್ಪಿದರೆ ಕಾನೂನಿಗೇನು ಕೆಲಸ?’ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ದೊರೆತುದು ದೆಹಲಿಯ ಒಂದು ಪ್ರಕರಣದಲ್ಲಿ.

1982ರ ಏಷ್ಯಾ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣಗಳೂ ಮೇಲುಸೇತುವೆಗಳೂ ನಿರ್ಮಾಣವಾಗುತ್ತಿದ್ದವು. ರಾಜಸ್ಥಾನ, ಉತ್ತರಪ್ರದೇಶ, ಒರಿಸ್ಸಾಗಳಿಂದ ಕೂಲಿಗಳನ್ನು ಕರೆತರಲಾಗಿತ್ತು. ಅವರ ದಿನದ ಕನಿಷ್ಠ ವೇತನ 9 ರೂಪಾಯಿ 25 ಪೈಸೆ. ಆದರೆ ಕೂಲಿಗಳನ್ನು ತಂದ ಜಮಾದಾರರು ಅದರಲ್ಲಿ ದಿನಕ್ಕೆ ಒಂದು ರೂಪಾಯಿಯನ್ನು ತಮ್ಮ ಪಾಲೆಂದು ಮುರಿದುಕೊಳ್ಳುತ್ತಿದ್ದರು. ಹೆಂಗಸರ ಕೈಗೆ ಬರುತ್ತಿದ್ದುದು ಏಳು ರೂಪಾಯಿ ಮಾತ್ರವೆಂದೂ ದೂರಿತ್ತು. ಒಂದು ನಾಗರಿಕ ಸಂಘಟನೆಯು ಈ ಸ್ಥಿತಿಯನ್ನು ಪತ್ರದ ಮೂಲಕ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ತಿಳಿಸಿತು. ಸರ್ವೋಚ್ಚ ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿತು.

1982ರ ಸೆಪ್ಟೆಂಬರ್ 18ರಂದು ತೀರ್ಪು ಹೊರಬಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಸರಿ ಎಂದು ನ್ಯಾಯಾಲಯ ಸಾರಿತು. ದೊಣ್ಣೆ ಹಿಡಿದು ದುಡಿಸುವುದಷ್ಟೇ ಬಲಾತ್ಕಾರವಲ್ಲ, ಹಸಿವೂ ಬಲಾತ್ಕಾರವೇ. ಹಸಿದವನು ಅರ್ಧ ಕೂಲಿಗೆ ತಲೆಯಾಡಿಸಿದರೆ ಅದು ಅವನ ಒಪ್ಪಿಗೆಯಲ್ಲ, ಅಸಹಾಯಕತೆ. ಗುತ್ತಿಗೆದಾರನ ಮೇಲೆ ಹೊಣೆ ಹೊರಿಸಿ ಸರ್ಕಾರವು ಕೈತೊಳೆದುಕೊಳ್ಳುವಂತಿಲ್ಲವೆಂದೂ ನ್ಯಾಯಾಲಯ ಹೇಳಿತು. ಹೀಗೆ ಒಂದು ರೂಪಾಯಿಯ ಪ್ರಶ್ನೆಯು ಮಾನವನ ಘನತೆಯ ಪ್ರಶ್ನೆಯಾಯಿತು.

ಹಿಂದಿನ ವೇತನ ಕಾನೂನುಗಳನ್ನು ಒಂದುಗೂಡಿಸಿದ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದರ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೊಡಬೇಕು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಸಮಾನ ವೇತನ ಸಲ್ಲಬೇಕು. ನಿಗದಿತ ಅವಧಿಯನ್ನು ಮೀರಿ ದುಡಿಸಿದರೆ, ಆ ಹೆಚ್ಚಿನ ಹೊತ್ತಿಗೆ ಎರಡರಷ್ಟು ದರದಲ್ಲಿ ಕೂಲಿ ಕೊಡಬೇಕು. ಗಂಟೆಗೆ 60 ರೂಪಾಯಿಯಂತೆ ಎಂಟು ಗಂಟೆ ದುಡಿಯುವವನಿಗೆ 480 ರೂಪಾಯಿ ಸಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಅವನು ಇನ್ನೆರಡು ಗಂಟೆ ದುಡಿದರೆ, ಅದಕ್ಕೆ 120 ಅಲ್ಲ, 240 ರೂಪಾಯಿ ಸಲ್ಲಬೇಕು. ವಿಶ್ರಾಂತಿಯ ಹೊತ್ತು ದುಡಿಯುವವನ ಸ್ವಂತ ಆಸ್ತಿ. ಅದನ್ನು ಕೊಳ್ಳುವವನು ಹೆಚ್ಚಿನ ಬೆಲೆ ತೆರಬೇಕೆಂಬುದೇ ಇದರ ತತ್ತ್ವ.

ಆದರೆ ಕಾನೂನು ಪುಸ್ತಕದಲ್ಲಿದ್ದ ಮಾತ್ರಕ್ಕೆ ಅನ್ನವಾಗದು. ಎಷ್ಟು ಗಂಟೆ ದುಡಿದೆ, ಎಷ್ಟು ಕೂಲಿ ಬಂದಿತು, ಏತಕ್ಕಾಗಿ ಎಷ್ಟು ಮುರಿದುಕೊಂಡರು ಎಂಬ ಲೆಕ್ಕವನ್ನು ದುಡಿಯುವವನು ಬರೆದಿಟ್ಟುಕೊಳ್ಳಬೇಕು; ವೇತನ ಚೀಟಿಯನ್ನು ಕೇಳಿ ಪಡೆಯಬೇಕು. ನ್ಯಾಯ ಸಿಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಇಂದು ವಿದ್ಯಾರ್ಥಿಗಳಾಗಿರುವವರು ನಾಳೆ ಕೂಲಿ ಪಡೆಯುವವರಾಗಬಹುದು, ಕೂಲಿ ಕೊಡುವವರೂ ಆಗಬಹುದು. ಪಡೆಯುವವನು ತನ್ನ ಹಕ್ಕನ್ನು ಬೇಡಿಕೆಯೆಂದು ತಿಳಿದು ಕುಗ್ಗಬಾರದು. ಕೊಡುವವನು ತನ್ನ ಕರ್ತವ್ಯವನ್ನು ದಾನವೆಂದು ತಿಳಿದು ಬೀಗಬಾರದು.