ಜಡೆ ಸ್ವಲ್ಪ ಸಡಿಲವಿರಲಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಎರಡು ಕನ್ನಡಿಗೂ ಬಿಡುವಿರುವುದಿಲ್ಲ. ಒಂದರ ಮುಂದೆ ಇಪ್ಪತ್ತೊಂದು ವರ್ಷದ ಮೊಮ್ಮಗ ಹಣೆಯ ಮೂಲೆಗಳನ್ನು ಬೆರಳಿನಿಂದ ಅಳೆಯುತ್ತಿರುತ್ತಾನೆ. ಇನ್ನೊಂದರ ಮುಂದೆ ಐದನೇ ತರಗತಿಯ ಮೊಮ್ಮಗಳಿಗೆ ನನ್ನ ಹೆಂಡತಿ ಎರಡು ಜಡೆ ಹೆಣೆಯುತ್ತಿರುತ್ತಾಳೆ.

“ಅಜ್ಜಿ, ನೋಯ್ತದೆ.”

“ಬಿಗಿಯಾಗಿ ಹಾಕಿದ್ರೆ ಸಂಜೆವರೆಗೂ ನಿಲ್ತದೆ ಕಣಮ್ಮ.”

ಒಂದು ದಿನ ಗಮನಿಸಿದೆ. ಇಬ್ಬರಿಗೂ ಕಣತಲೆಯ ಹತ್ತಿರ, ಅಂದರೆ ಹಣೆಯ ಎರಡೂ ಬದಿಯಲ್ಲಿ, ಕೂದಲು ತೆಳ್ಳಗಾಗಿತ್ತು. ಇಬ್ಬರನ್ನೂ ಚರ್ಮದ ಡಾಕ್ಟರಿಗೆ ತೋರಿಸಿದೆವು. ಜಾಗ ಒಂದೇ, ಕಾರಣ ಬೇರೆ ಎಂದು ಆಗ ತಿಳಿಯಿತು.

ಮೊಮ್ಮಗಳದು ಎಳೆತದಿಂದ ಬಂದ ತೊಂದರೆ. ನಮ್ಮೂರಿನ ಮಗ್ಗದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಾಸಿನ ಎಳೆಯನ್ನು ಮಿತಿಮೀರಿ ಬಿಗಿದರೆ ಕಡಿಯುತ್ತದೆ. ದಿನವೂ ಒಂದೇ ಕಡೆ ಎಳೆದರೆ ಕೂದಲಿನ ಬುಡಕ್ಕೆ ಪೆಟ್ಟು. ಬೇಗ ಸಡಿಲ ಮಾಡಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಒಣಗಿ, ಯಾವ ಔಷಧಕ್ಕೂ ಜಗ್ಗುವುದಿಲ್ಲ. ಅವಳಿಗೆ ಡಾಕ್ಟರು ಬರೆದದ್ದು ಕಾಸಿಲ್ಲದ ಮದ್ದು: ಸಡಿಲ ಜಡೆ, ರಜೆಯ ದಿನ ಬಿಚ್ಚುಗೂದಲು, ರಾತ್ರಿ ಬಿಗಿ ಕಟ್ಟಬಾರದು. ಬಸ್ಸಿನಲ್ಲಿ ನನ್ನ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಪ್ರೀತಿಯಿಂದ ಹೆಣೆದ ಕೈ ತಾನೇ ಅದು!

ಮೊಮ್ಮಗನದು ವಂಶದಿಂದ ಬಂದದ್ದು. ಗಂಡಸರ ದೇಹದಲ್ಲಿರುವ ಒಂದು ಹಾರ್ಮೋನಿಗೆ ಕೆಲವರ ಕೂದಲಿನ ಬುಡ ಸೋಲುತ್ತದೆ. ಪ್ರತಿ ಸಲವೂ ಕೂದಲು ಇನ್ನಷ್ಟು ಸಣ್ಣದಾಗಿ ಹುಟ್ಟುತ್ತದೆ. ಇದು ತಾಯಿ, ತಂದೆ ಎರಡೂ ಕಡೆಯಿಂದ ಬರಬಹುದು. ಆದ್ದರಿಂದ ತಾಯಿಯ ತಂದೆಯೊಬ್ಬರ ಮೇಲೆ ಗೂಬೆ ಕೂರಿಸಬೇಡಿ! ಹದಿನೇಳು, ಹದಿನೆಂಟರ ನಂತರ ಹುಡುಗರ ಹಣೆಯಂಚು ಕೊಂಚ ಮೇಲೇರುವುದು ಸಹಜ, ಅದೆಲ್ಲ ಬೋಳಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದೂ ಸಹಜವೇ.

ಇದಕ್ಕೆ ಮುಖ್ಯ ದಾರಿಗಳು ಮೂರು. ಮೊದಲನೆಯದು ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧ. ಇದು ಮೂಲದಲ್ಲಿ ರಕ್ತದೊತ್ತಡದ ಮಾತ್ರೆ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಫಲ ಕಾಣಲು ನಾಲ್ಕಾರು ತಿಂಗಳು ಬೇಕು. ಮೊದಮೊದಲು ಕೂದಲು ಹೆಚ್ಚೇ ಉದುರಬಹುದು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ನೆತ್ತಿಗಿಂತ ಕಣತಲೆಯಲ್ಲಿ ಫಲ ಕಡಿಮೆ.

ಎರಡನೆಯದು ಫಿನಾಸ್ಟರೈಡ್ ಮಾತ್ರೆ, ದಿನಕ್ಕೆ 1 ಮಿಲಿಗ್ರಾಂ. ದೊಡ್ಡ ಗಂಡಸರಿಗೆ ಮಾತ್ರ. ಮನಸ್ಸು ಕುಗ್ಗುವುದೂ ಸೇರಿ ಕೆಲವರಿಗೆ ಅಡ್ಡ ಪರಿಣಾಮಗಳಾಗುತ್ತವೆ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು. ತಾತಂದಿರೇ, ಪ್ರಾಸ್ಟೇಟ್ ತೊಂದರೆಗೆ ನಮಗೆ ಕೊಡುವ 5 ಮಿಲಿಗ್ರಾಂ ಮಾತ್ರೆಯಲ್ಲಿರುವುದೂ ಇದೇ. ಮೊಮ್ಮಕ್ಕಳಿಗೆ ಮಾತ್ರೆ ಹಂಚಬೇಡಿ!

ಮೂರನೆಯದು ಕೂದಲು ಕಸಿ. ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಮುಂದೆ ನೆಡುತ್ತಾರೆ. ಇದು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ, ಹೊಸ ಠೇವಣಿಯಲ್ಲ. ಚಿಕ್ಕ ವಯಸ್ಸಿನಲ್ಲಿ ಅವಸರಪಟ್ಟರೆ, ಹಿಂದಿನ ಹಳೆ ಕೂದಲು ಉದುರುತ್ತಾ ಹೋಗಿ ನೆಟ್ಟದ್ದು ದ್ವೀಪದಂತೆ ಉಳಿಯುತ್ತದೆ. ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಇನ್ನು ಎಣ್ಣೆ. ಎಣ್ಣೆ ಕೂದಲನ್ನು ನುಣುಪಾಗಿಸುತ್ತದೆ. ಸೋತ ಬುಡವನ್ನು ಎಬ್ಬಿಸುವುದಿಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟರೆ ಕೂದಲು ದಟ್ಟವಾಗುತ್ತದೆ ಎನ್ನುವುದೂ ನಿಜವಲ್ಲ. ಮುಡಿ ಭಕ್ತಿಗಿರಲಿ. ದುಂಡಗೆ, ಇದ್ದಕ್ಕಿದ್ದಂತೆ ಕೂದಲು ಹೋದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಮಕ್ಕಳೇ, ನಿಮಗೊಂದು ಮಾತು. 2017ರಲ್ಲಿ ರಾಜ್ ಬಿ. ಶೆಟ್ಟಿ ಅವರು ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ ಬಂತು. ತಲೆಗೂದಲಿಲ್ಲದ ಕನ್ನಡ ಉಪನ್ಯಾಸಕನೇ ಅದರ ನಾಯಕ. ಜನ ನಕ್ಕರು, ನಗುತ್ತಲೇ ಅವನ ನೋವನ್ನೂ ಕಂಡರು. ತರಗತಿಯಲ್ಲಿ ಯಾರನ್ನಾದರೂ ‘ಬಾಂಡ್ಲಿ’ ಎಂದು ಕೂಗುವ ಮುಂಚೆ ಅದು ನೆನಪಿರಲಿ.

ಮೊಮ್ಮಗ ಡಾಕ್ಟರು ಹೇಳಿದಂತೆ ಔಷಧ ಹಚ್ಚುತ್ತಿದ್ದಾನೆ. ಆರು ತಿಂಗಳು ನೋಡಿ ಮುಂದಿನದು ಎಂದಿದ್ದಾನೆ. ಮೊಮ್ಮಗಳ ಕಣತಲೆಯಲ್ಲಿ ಹೂವಿನ ಕೇಸರದಂಥ ಮರಿಗೂದಲು ಬಂದಿದೆ. ಜಡೆ ಮಧ್ಯಾಹ್ನಕ್ಕೇ ಸಡಿಲವಾಗುತ್ತದೆ. “ಆಗ್ಲಿ ಬಿಡು,” ಎನ್ನುತ್ತಾಳೆ ಅವಳ ಅಜ್ಜಿ.