ಟ್ರಾಲಿ ಹೊರಡಿಸೋಕೆ ಎಷ್ಟು ಬಲ ಬೇಕು? ಮೊಬೈಲ್‌ನಲ್ಲೇ ಲೆಕ್ಕ ಹಾಕಿ

ಮೆಕ್ಕೆಜೋಳದ ಕಟಾವು ಶುರುವಾದರೆ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ರಸ್ತೆ ತುಂಬಾ ಟ್ರಾಲಿಗಳೇ. ಲೋಡ್ ಎಷ್ಟು ಕ್ವಿಂಟಲ್ ಅಂತ ಎಲ್ಲರೂ ಲೆಕ್ಕ ಇಡ್ತಾರೆ. ಅದನ್ನು ನಿಂತಲ್ಲಿಂದ ಹೊರಡಿಸೋಕೆ ಎಷ್ಟು ಬಲ ಬೇಕು ಅನ್ನೋದನ್ನ ಕೇಳೋರು ಕಡಿಮೆ. ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಎದ್ದು ಹಿಂದಕ್ಕೆ ಮಗುಚಿದರೆ ಸೀಟಿನಲ್ಲಿದ್ದವನಿಗೆ ಜಿಗಿಯೋಕೂ ಸಮಯ ಸಿಗಲ್ಲ. ಅದಕ್ಕೇ ಈ ವಾರ ಈ ಲೆಕ್ಕ.

ಕೊಟ್ಟೂರೇಶ್ವರನ ತೇರು ಎಳೆಯೋದನ್ನ ನೆನಪು ಮಾಡ್ಕೊಳ್ಳಿ. ಜನ ಜಗ್ಗುವ ಬಲ ನೆಲದ ತಡೆಯಷ್ಟೇ ಇದ್ದರೆ ನಿಂತ ತೇರು ಅಲುಗಲ್ಲ. ತಡೆಯನ್ನು ಕಳೆದು ಮಿಕ್ಕ ಬಲವೇ ತೇರಿಗೆ ವೇಗ ಕೊಡೋದು. ಇದೇ ನಿವ್ವಳ ಬಲ. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ ಸೂತ್ರ ಇದು: ನಿವ್ವಳ ಬಲ = ದ್ರವ್ಯರಾಶಿ × ವೇಗೋತ್ಕರ್ಷ.

ಈಗ ನಮ್ಮ ಟ್ರಾಲಿಗೆ ಬರೋಣ. ಟ್ರಾಲಿ, ಲೋಡ್ ಸೇರಿ 5,000 ಕೆಜಿ ಅಂತಿಟ್ಟುಕೊಳ್ಳಿ. ವೇ ಬ್ರಿಡ್ಜ್ ಚೀಟಿಯಲ್ಲಿ ಟ್ರ್ಯಾಕ್ಟರ್ ತೂಕ ಕಳೆದರೆ ನಿಮ್ಮದೇ ಅಂಕಿ ಸಿಗುತ್ತೆ. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಆ ವೇಗಕ್ಕೆ 4 ಸೆಕೆಂಡಿನಲ್ಲಿ ಬಂದರೆ ವೇಗೋತ್ಕರ್ಷ 0.7. ಬೇಕಾದ ನಿವ್ವಳ ಬಲ 3,500 ನ್ಯೂಟನ್. ಕ್ಲಚ್ ಪಟ್ಟನೆ ಬಿಟ್ಟು ಒಂದೇ ಸೆಕೆಂಡಿನಲ್ಲಿ ಅಷ್ಟು ವೇಗ ಬೇಕಂದರೆ 14,000. ಲೋಡ್ ಅದೇ, ಬದಲಾಗಿದ್ದು ನಿಮ್ಮ ಕಾಲು ಮಾತ್ರ!

ಇದರ ಮೇಲೆ ತಡೆ ಸೇರಿಸಬೇಕು. ಟಾರ್ ರಸ್ತೆಯಲ್ಲಿ ಗಾಲಿ ಉರುಳುವ ತಡೆ ತೂಕದ ಸುಮಾರು ನೂರಕ್ಕೆ 2 ಪಾಲು, ಅಂದರೆ 1,000 ನ್ಯೂಟನ್. ಉತ್ತ ಮಸಾರಿ ಹೊಲದಲ್ಲಿ ನೂರಕ್ಕೆ 10 ಅಂತ ಹಿಡಿದರೂ 5,000. ಹಸಿ ಎರೆ ಹೊಲದ ಕತೆ ಕೇಳಲೇಬೇಡಿ, ಅಲ್ಲಿ ಇನ್ನೂ ಜಾಸ್ತಿ. 20 ಮೀಟರಿಗೆ 1 ಮೀಟರ್ ಏರಿದ್ದರೆ ಮತ್ತೆ 2,500. (ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ ಇದು ಸುಮಾರು 3 ಡಿಗ್ರಿ.)

ಹೊಲದ ಏರಿನಲ್ಲಿ ಜರ್ಕ್ ಕೊಟ್ಟು ಹೊರಟರೆ ಒಟ್ಟು 21,500 ನ್ಯೂಟನ್. ಹತ್ತರಿಂದ ಭಾಗಿಸಿ: 2,150 ಕೆಜಿ ಭಾರ ನೇತುಹಾಕಿದಷ್ಟು! ಸುಮಾರು 2 ಟನ್ ತೂಗುವ 45 ಎಚ್‌ಪಿ ಟ್ರ್ಯಾಕ್ಟರ್‌ಗೆ ಉತ್ತ ಮಣ್ಣಿನಲ್ಲಿ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ಹಿಂದಿನ ಗಾಲಿ ತಿರುಗಿ ಮಣ್ಣು ತೋಡುತ್ತೆ, ಇಲ್ಲವೇ ಮುಂದಿನದು ಮೇಲೇಳುತ್ತೆ. ಅದೇ ಏರಿನಲ್ಲಿ 4 ಸೆಕೆಂಡ್ ತಗೊಂಡರೆ 11,000. ಸಣ್ಣ ಗೇರ್ ಹಾಕಿ 5 ಕಿ.ಮೀ. ವೇಗಕ್ಕೆ ಮಾತ್ರ ಹೋದರೆ 9,250.

ಗಮನಿಸಿ, ನಿಧಾನಕ್ಕೆ ಹೊರಟರೂ ಮಣ್ಣಿನ ಮತ್ತು ಏರಿನ 7,500 ಎಲ್ಲೂ ಹೋಗಲ್ಲ. ಅದಕ್ಕೆ ಮದ್ದು ಲೋಡ್ ಇಳಿಸೋದು. ಹೊಲದಿಂದ ಅರ್ಧ ಲೋಡ್ ತಂದು ಟಾರ್ ರಸ್ತೆ ಪಕ್ಕ ತುಂಬಿಕೊಳ್ಳೋದು ಎರಡು ಟ್ರಿಪ್ ಡೀಸೆಲ್ ತಿಂದರೂ ನನಗೆ ಸರಿ ಅನ್ನಿಸುತ್ತೆ.

ಹೂತ ಟ್ರಾಲಿಯನ್ನು ಚೈನ್ ಹಾಕಿ ಎಳೆಯುವಾಗ ಚೈನನ್ನು ಕೆಳಗಿನ ಡ್ರಾಬಾರ್‌ಗೇ ಕಟ್ಟಿ. ಹಿಂದಿನ ಆ್ಯಕ್ಸಲ್‌ಗಿಂತ ಮೇಲೆ, ಟಾಪ್ ಲಿಂಕ್‌ಗೆ ಕಟ್ಟಿದರೆ ಅದೇ ಬಲ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತೆ. ಚೈನ್ ಬಿಗಿ ಆಗೋವರೆಗೆ ಕ್ಲಚ್ ಮೇಲಿನ ಕಾಲು ಪೂರ್ತಿ ತೆಗೀಬೇಡಿ, ಹತ್ತಿರ ನಿಂತ ಹುಡುಗರನ್ನು ದೂರ ಕಳಿಸಿ.